ಮಾವ ಓದಿ ಹೇಳಿದ ಆರು ಅಂಕಿ

ಶಿವಮೊಗ್ಗದಲ್ಲಿರುವ ನನ್ನ ಸೋದರಮಾವ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಗಣಿತ ಹೇಳಿಕೊಟ್ಟವರು. ಅಂಗಡಿಯ ಬಿಲ್ಲನ್ನು ಎರಡು ಸಲ ಕೂಡಿ ನೋಡದೆ ದುಡ್ಡು ಕೊಡುವ ಜಾಯಮಾನ ಅವರದ್ದಲ್ಲ. ಅಂಥವರು ಒಂದು ಮಧ್ಯಾಹ್ನ ಊಟ ಮುಗಿಸಿ ಕೂತಿದ್ದಾಗ ಒಂದು ಫೋನು ಬಂತು. ಕಾರ್ಡಿನ ರಿವಾರ್ಡ್ ಪಾಯಿಂಟು ಇವತ್ತೇ ಮುಗಿದುಹೋಗುತ್ತೆ ಅಂತ ಹೇಳಿದ ಹುಡುಗ ಒಂದು ಲಿಂಕು ಕಳಿಸಿದ. ಮಾವ ಅದರಲ್ಲಿ ಕಾರ್ಡಿನ ವಿವರ ತುಂಬಿದರು. ಆಮೇಲೆ ಮೊಬೈಲಿಗೆ ಬಂದ ಆರು ಅಂಕಿಗಳನ್ನು ಕ್ಲಾಸಿನಲ್ಲಿ ಲೆಕ್ಕ ಬರೆಸುವ ಹಾಗೆ ಒಂದೊಂದೇ ಬಿಡಿಸಿ, ಸ್ಪಷ್ಟವಾಗಿ ಓದಿ ಹೇಳಿದರು. 38,400 ರೂಪಾಯಿ ಹೋಯಿತು.

ಬ್ಯಾಂಕಿನಿಂದ ಬಂದ ಉತ್ತರ ಎರಡೇ ಸಾಲಿನದು. ವ್ಯವಹಾರಕ್ಕೆ ಸರಿಯಾದ ಒಟಿಪಿ ಕೊಡಲಾಗಿದೆ, ಆದ್ದರಿಂದ ಜವಾಬ್ದಾರಿ ಗ್ರಾಹಕರದ್ದು. ಮಾವನಿಗೆ ದುಡ್ಡು ಹೋಗಿದ್ದಕ್ಕಿಂತ ಆ ಎರಡು ಸಾಲು ಹೆಚ್ಚು ಚುಚ್ಚಿತು. ನಾನು ಊರಿಗೆ ಹೋದಾಗ ಕೇಳಿದರು, "ನೀನೂ ಇಂಥದ್ದೇ ಕೆಲಸ ಮಾಡೋನಲ್ವೇನೋ? ಯಾರಿಗೂ ಹೇಳಬಾರದ ನಂಬರನ್ನ ಮತ್ತೆ ಓದೋ ಹಾಗೆ ಯಾಕೋ ಕಳಿಸ್ತೀರಿ?"

ಹೌದು, ನಾನು ಇಂಥದ್ದೇ ಕೆಲಸ ಮಾಡೋನು. ಬೆಂಗಳೂರಿನ ಒಂದು ಪೇಮೆಂಟ್ ಕಂಪನಿಯಲ್ಲಿ ನೀವು ಒಟಿಪಿ ಒತ್ತುವ ಪುಟವನ್ನು, ಅದಕ್ಕೆ ಮೊದಲು ನಿಮ್ಮ ಫೋನಿಗೆ ಬರುವ ಎಸ್ಎಂಎಸ್ಸನ್ನು ರೂಪಿಸುವ ತಂಡದಲ್ಲಿದ್ದೇನೆ. ಮಾವನ ಪ್ರಶ್ನೆಗೆ ಅವತ್ತು ನನ್ನ ಹತ್ತಿರ ಉತ್ತರ ಇರಲಿಲ್ಲ. ಉತ್ತರ ಹುಡುಕುತ್ತಾ ಈ ಆರು ಅಂಕಿ ಎಲ್ಲಿಂದ ಬಂತು ಅಂತ ಹಿಂದಕ್ಕೆ ಹೋದೆ. ಆ ಕಥೆ ನಾನು ಅಂದುಕೊಂಡಿದ್ದಕ್ಕಿಂತ ಹಳೆಯದಾಗಿತ್ತು.

*

ಎಷ್ಟು ಹಳೆಯದು ಅಂದರೆ, ರಾಮಾಯಣಕ್ಕೇ ಹೋಗಬೇಕು. ಅಶೋಕವನದಲ್ಲಿ ಹನುಮಂತ ಬಂದು ನಾನು ರಾಮದೂತ ಅಂದಾಗ ಸೀತೆ ತಕ್ಷಣ ನಂಬುವುದಿಲ್ಲ. ಯಾಕೆ ನಂಬಬೇಕು? ಸನ್ಯಾಸಿಯ ವೇಷದಲ್ಲಿ ಬಂದ ರಾವಣನನ್ನು ನಂಬಿಯೇ ಅಲ್ಲವೇ ಅವಳು ಇಲ್ಲಿ ಬಂದು ಕೂತಿದ್ದು! ಹಾಗಾಗಿ ವಾಲ್ಮೀಕಿಯ ಸೀತೆ ಮೊದಲು ರಾಮ ಲಕ್ಷ್ಮಣರ ಚಹರೆ ಹೇಳು ಅಂತಾಳೆ, ವಾನರರಿಗೂ ರಾಮನಿಗೂ ಸ್ನೇಹ ಹೇಗಾಯಿತು ಅಂತ ಕೇಳುತ್ತಾಳೆ. ಅದೆಲ್ಲ ಸರಿಯಾಗಿ ಹೇಳಿದ ಮೇಲೆ ಉಂಗುರ. ವಾಪಸ್ ಕಳಿಸುವಾಗ ಅವಳೂ ಅಷ್ಟೇ ಎಚ್ಚರ. ಚೂಡಾಮಣಿ ಒಂದನ್ನೇ ಕೊಟ್ಟು ಕಳಿಸುವುದಿಲ್ಲ. ತನಗೂ ರಾಮನಿಗೂ ಮಾತ್ರ ಗೊತ್ತಿರುವ ಕಾಗೆಯ ಪ್ರಸಂಗವನ್ನೂ ಹೇಳಿ ಕಳಿಸುತ್ತಾಳೆ. ಒಡವೆಯನ್ನು ಯಾರು ಬೇಕಾದರೂ ಕದಿಯಬಹುದು, ಕಥೆಯನ್ನು ಕದ್ದು ಕೇಳಿಸಿಕೊಳ್ಳಬಹುದು. ಎರಡೂ ಒಬ್ಬನ ಹತ್ತಿರವೇ ಇದ್ದರೆ ಅವನು ಬಹುಮಟ್ಟಿಗೆ ಅಸಲಿ.

ಟೂ ಫ್ಯಾಕ್ಟರ್ ಅನ್ನುವುದರ ತಿರುಳು ಇಷ್ಟೇ. ನಿಮಗೆ ಗೊತ್ತಿರುವ ಒಂದು ಸಂಗತಿ, ನಿಮ್ಮ ಹತ್ತಿರ ಇರುವ ಒಂದು ವಸ್ತು. ಈಚೆಗೆ ಮೂರನೆಯದಾಗಿ ನೀವೇ ಆಗಿರುವ ಬೆರಳು, ಮುಖ ಸೇರಿಕೊಂಡಿವೆ. ಒಂದೇ ಜಾತಿಯ ಎರಡು ಇಟ್ಟರೆ ಪ್ರಯೋಜನ ಕಡಿಮೆ. ಪಾಸ್‌ವರ್ಡ್ ಕೇಳಿ ಆಮೇಲೆ "ನಿಮ್ಮ ಮೊದಲ ಶಾಲೆ ಯಾವುದು" ಅಂತ ಕೇಳುವುದು ಎರಡು ಕಥೆ ಹೇಳಿಸಿದ ಹಾಗೆ, ಚೂಡಾಮಣಿ ಇಲ್ಲ.

*

ಕಂಪ್ಯೂಟರ್ ಲೋಕ ಶುರು ಮಾಡಿದ್ದು ಬರೀ ಕಥೆಯಿಂದ. 1961ರಲ್ಲಿ ಅಮೆರಿಕದ ಎಂಐಟಿಯಲ್ಲಿ ಫರ್ನಾಂಡೊ ಕೊರ್ಬಾಟೊ ಮತ್ತು ಸಂಗಡಿಗರು ಸಿಟಿಎಸ್ಎಸ್ ಅನ್ನುವ ವ್ಯವಸ್ಥೆ ತೋರಿಸಿದರು. ಒಂದೇ ದೊಡ್ಡ ಯಂತ್ರವನ್ನು ಹಲವರು ಏಕಕಾಲಕ್ಕೆ ಹಂಚಿಕೊಂಡು ಬಳಸುವ ಏರ್ಪಾಟು ಅದು. ಯಂತ್ರ ಒಂದು, ಜನ ಹಲವರು, ಅಂದಮೇಲೆ ಯಾರ ಫೈಲು ಯಾರದ್ದು ಅಂತ ಬೇರೆ ಮಾಡಬೇಕಲ್ಲ? ಅದಕ್ಕೆ ಪಾಸ್‌ವರ್ಡ್.

ಮುರಿಯೋಕೆ ವರ್ಷ ಕೂಡ ಹಿಡಿಯಲಿಲ್ಲ. 1962ರಲ್ಲಿ ಆಲನ್ ಷೆರ್ ಎಂಬ ಸಂಶೋಧನಾ ವಿದ್ಯಾರ್ಥಿಗೆ ವಾರಕ್ಕೆ ನಾಲ್ಕು ಗಂಟೆ ಮಾತ್ರ ಯಂತ್ರದ ಸಮಯ ಸಿಗುತ್ತಿತ್ತು, ಅವನ ಕೆಲಸಕ್ಕೆ ಅದು ಸಾಲುತ್ತಿರಲಿಲ್ಲ. ಫೈಲುಗಳನ್ನು ಮುದ್ರಿಸಿಕೊಡಿ ಅಂತ ಪಂಚ್ ಕಾರ್ಡಿನಲ್ಲಿ ಬೇಡಿಕೆ ಹಾಕುವ ಸೌಲಭ್ಯ ಇತ್ತು. ಷೆರ್ ಪಾಸ್‌ವರ್ಡ್ ಫೈಲಿನ ಹೆಸರನ್ನೇ ಬರೆದು ಹಾಕಿದ. ಮುದ್ರಿಸಿದ ಪಟ್ಟಿ ತಣ್ಣಗೆ ಅವನ ಕೈಗೆ ಬಂತು. ನಾಲ್ಕು ವರ್ಷದ ನಂತರ, 1966ರಲ್ಲಿ ಇನ್ನೂ ತಮಾಷೆ. ಇಬ್ಬರು ಒಂದೇ ಹೊತ್ತಿಗೆ ಎರಡು ಫೈಲು ತಿದ್ದುತ್ತಿದ್ದರು. ಒಂದು ಲಾಗಿನ್ ಆದವರಿಗೆಲ್ಲ ಕಾಣುವ ದಿನದ ಸಂದೇಶ, ಇನ್ನೊಂದು ಪಾಸ್‌ವರ್ಡ್ ಪಟ್ಟಿ. ಎಡಿಟರ್ ಇಬ್ಬರಿಗೂ ಒಂದೇ ಹೆಸರಿನ ತಾತ್ಕಾಲಿಕ ಫೈಲು ಬಳಸುತ್ತಿತ್ತು. ಎರಡೂ ಅದಲುಬದಲಾಗಿ, ಅವತ್ತು ಲಾಗಿನ್ ಆದವರಿಗೆಲ್ಲ ಎಲ್ಲರ ಪಾಸ್‌ವರ್ಡ್ ದರ್ಶನ! ಕೊರ್ಬಾಟೊ ತಮ್ಮ ಟ್ಯೂರಿಂಗ್ ಪ್ರಶಸ್ತಿಯ ಉಪನ್ಯಾಸದಲ್ಲಿ ಈ ಪ್ರಸಂಗವನ್ನು ತಾವೇ ಹೇಳಿಕೊಂಡರು.

ಯಂತ್ರದ ಎಡವಟ್ಟುಗಳನ್ನು ತಿದ್ದಬಹುದು. ಮನುಷ್ಯರದ್ದು? 1979ರಲ್ಲಿ ಬೆಲ್ ಲ್ಯಾಬ್ಸಿನ ರಾಬರ್ಟ್ ಮಾರಿಸ್ ಮತ್ತು ಕೆನ್ ಥಾಂಪ್ಸನ್ ಜನ ನಿಜವಾಗಿ ಇಟ್ಟುಕೊಂಡಿದ್ದ 3,289 ಪಾಸ್‌ವರ್ಡುಗಳನ್ನು ಪರೀಕ್ಷಿಸಿ ನೋಡಿದರು. ಅದರಲ್ಲಿ 15 ಪಾಸ್‌ವರ್ಡು ಒಂದೇ ಒಂದು ಅಕ್ಷರದ್ದು. ತೀರಾ ಗಿಡ್ಡವಾದವು, ಬರೀ ಐದಾರು ಅಕ್ಷರದವು, ನಿಘಂಟಿನಲ್ಲೋ ಹೆಸರಿನ ಪಟ್ಟಿಯಲ್ಲೋ ಸಿಗುವಂಥವು ಎಲ್ಲ ಸೇರಿ ಶೇ. 86 ಸುಲಭದ ತುತ್ತು. ಅಲ್ಲಿಂದ ಇಲ್ಲಿಯವರೆಗೆ ಆ ಮಟ್ಟಿಗೆ ನಾವೇನೂ ಬದಲಾಗಿಲ್ಲ. ನಿಮ್ಮ ಆಫೀಸಿನ ವೈಫೈ ಪಾಸ್‌ವರ್ಡ್ ನೆನಪು ಮಾಡಿಕೊಳ್ಳಿ.

*

ಚೂಡಾಮಣಿ ಮತ್ತು ಕಥೆ ಎರಡನ್ನೂ ಜನಸಾಮಾನ್ಯರ ಕೈಗೆ ಮೊದಲು ಕೊಟ್ಟಿದ್ದು ಕಂಪ್ಯೂಟರಿನವರಲ್ಲ, ಬ್ಯಾಂಕಿನವರು. 1967ರ ಜೂನ್ 27ರಂದು ಲಂಡನ್ನಿನ ಎನ್‌ಫೀಲ್ಡಿನಲ್ಲಿ ಬಾರ್ಕ್ಲೇಸ್ ಬ್ಯಾಂಕು ದುಡ್ಡು ಕೊಡುವ ಯಂತ್ರ ಇಟ್ಟಿತು. ಅದರ ಹಿಂದಿದ್ದ ಜಾನ್ ಶೆಫರ್ಡ್ ಬ್ಯಾರನ್ ಹುಟ್ಟಿದ್ದು ನಮ್ಮ ಶಿಲ್ಲಾಂಗಿನಲ್ಲಿ. ಆ ಯಂತ್ರಕ್ಕೆ ಪ್ಲಾಸ್ಟಿಕ್ ಕಾರ್ಡು ಹಾಕುತ್ತಿರಲಿಲ್ಲ. ಗುರುತಿಗೆ ಅಂತ ಅತಿ ಸಣ್ಣ ಪ್ರಮಾಣದ ವಿಕಿರಣಶೀಲ ಕಾರ್ಬನ್ 14 ಲೇಪಿಸಿದ ಚೆಕ್ಕಿನಂಥ ಕಾಗದ, ಜೊತೆಗೊಂದು ಗುಟ್ಟಿನ ಸಂಖ್ಯೆ. ಸಿಗುತ್ತಿದ್ದದ್ದು ಹತ್ತು ಪೌಂಡು. ಸಂಖ್ಯೆ ಆರು ಅಂಕಿಯದ್ದಿರಲಿ ಅಂತ ಅವರ ಯೋಚನೆಯಾಗಿತ್ತಂತೆ. ಅಡುಗೆಮನೆಯ ಮೇಜಿನ ಮುಂದೆ ಕೂತು ಹೆಂಡತಿ ಕ್ಯಾರೊಲಿನ್ ಅವರನ್ನು ಕೇಳಿದಾಗ, ನನಗೆ ನಾಲ್ಕಕ್ಕಿಂತ ಹೆಚ್ಚು ನೆನಪಿರಲ್ಲ ಅಂದರಂತೆ. ನಾಲ್ಕೇ ಆಯಿತು. ಇದು ಶೆಫರ್ಡ್ ಬ್ಯಾರನ್ ಅವರೇ 2007ರಲ್ಲಿ ಬಿಬಿಸಿಗೆ ಹೇಳಿದ್ದು. ಕಾರ್ಡು ಮತ್ತು ಪಿನ್ ಜೋಡಿಯ ಪೇಟೆಂಟ್ ಅದಕ್ಕೂ ಒಂದು ವರ್ಷ ಮೊದಲೇ ಸ್ಕಾಟ್ಲೆಂಡಿನ ಜೇಮ್ಸ್ ಗುಡ್‌ಫೆಲೊ ಹೆಸರಿನಲ್ಲಿ ದಾಖಲಾಗಿತ್ತು, ಹಾಗಾಗಿ ಪಿನ್ನಿನ ತಂದೆ ಯಾರು ಅನ್ನುವ ಜಗಳವೂ ಇದೆ.

ನನಗೆ ಈ ಅಡುಗೆಮನೆಯ ಪ್ರಸಂಗ ತುಂಬ ಇಷ್ಟ. ನಾಲ್ಕು ಅಂಕಿ ಅಂದರೆ ಬರೀ ಹತ್ತು ಸಾವಿರ ಸಾಧ್ಯತೆ, ಕಂಪ್ಯೂಟರಿಗೆ ಅದು ಕಣ್ಣು ಮಿಟುಕಿಸುವಷ್ಟು ಹೊತ್ತಿನ ಕೆಲಸ. ಆದರೂ ಐವತ್ತು ವರ್ಷಕ್ಕೂ ಮೇಲ್ಪಟ್ಟು ಜಗತ್ತಿನ ದುಡ್ಡನ್ನು ಅದು ಕಾದಿದೆ. ಯಾಕಂದರೆ ಪಿನ್ ಒಂಟಿಯಲ್ಲ. ಕೈಯಲ್ಲಿ ಕಾರ್ಡು ಬೇಕು, ಮೂರು ಸಲ ತಪ್ಪಾದರೆ ಕಾರ್ಡು ಕೆಲಸ ನಿಲ್ಲಿಸುತ್ತೆ. ಗುಟ್ಟು ಚಿಕ್ಕದಿದ್ದರೂ ಪರವಾಗಿಲ್ಲ, ಊಹಿಸುವ ಅವಕಾಶ ಕಡಿಮೆ ಇರಬೇಕು. ಜನರ ನೆನಪಿನ ಮೇಲೆ ಭಾರ ಹಾಕದೆ ಯಂತ್ರದ ಮೇಲೆ ಹಾಕಿದ ವಿನ್ಯಾಸ ಅದು. ಮುಂದಿನ ಕಥೆಯಲ್ಲಿ ನಾವು ಈ ಪಾಠವನ್ನು ಆಗಾಗ ಮರೆತಿದ್ದೇವೆ.

*

ದೂರದಿಂದ ಕಂಪ್ಯೂಟರಿಗೆ ಲಾಗಿನ್ ಆಗುವವರಿಗೆ ಎಟಿಎಂ ಥರ ಕಾರ್ಡು ತೂರಿಸುವ ಜಾಗ ಇರಲಿಲ್ಲ. ತಂತಿಯಲ್ಲಿ ಹೋಗುವುದನ್ನು ಯಾರಾದರೂ ಕದ್ದು ಕೇಳಿದರೂ ಉಪಯೋಗಕ್ಕೆ ಬಾರದಂಥ ಗುಟ್ಟು ಬೇಕಿತ್ತು. ಅಂದರೆ ಒಂದೇ ಸಲ ಬಳಸಿ ಎಸೆಯುವ ಗುಟ್ಟು. 1981ರಲ್ಲಿ ಲೆಸ್ಲಿ ಲ್ಯಾಂಪೋರ್ಟ್ ಇದಕ್ಕೊಂದು ಚೆಂದದ ಉಪಾಯ ಬರೆದರು.

ಅದನ್ನು ಮಿಕ್ಸಿಯಲ್ಲಿಟ್ಟು ಹೇಳುತ್ತೇನೆ. ತೆಂಗಿನಕಾಯಿ ರುಬ್ಬಿದರೆ ಚಟ್ನಿ, ಚಟ್ನಿಯಿಂದ ತೆಂಗಿನಕಾಯಿ ವಾಪಸ್ ಬರಲ್ಲ. ಗಣಿತದಲ್ಲೂ ಅಂಥ ಒಮ್ಮುಖದ ಲೆಕ್ಕಗಳಿವೆ. ನಿಮ್ಮ ಗುಟ್ಟನ್ನು ಸಾವಿರ ಸಲ ರುಬ್ಬಿ, ಸಾವಿರನೇ ಸಲದ ಚಟ್ನಿಯನ್ನು ಮಾತ್ರ ಸರ್ವರಿಗೆ ಕೊಟ್ಟಿಡಿ. ಲಾಗಿನ್ ಆಗುವಾಗ 999ನೇ ಸಲದ್ದನ್ನು ಕೊಡಿ. ಸರ್ವರು ಅದನ್ನು ಇನ್ನೊಂದು ಸುತ್ತು ರುಬ್ಬಿ, ತನ್ನಲ್ಲಿರುವುದಕ್ಕೆ ಹೊಂದುತ್ತಾ ನೋಡುತ್ತೆ. ಹೊಂದಿದರೆ ಒಳಗೆ ಬಿಟ್ಟು, 999ನೆಯದನ್ನು ಇಟ್ಟುಕೊಳ್ಳುತ್ತೆ. ನಾಳೆ ನೀವು 998ನೆಯದನ್ನು ಕೊಡಬೇಕು. ನಡುವೆ ಕದ್ದವನಿಗೆ ಸಿಕ್ಕಿದ್ದು ಈಗಾಗಲೇ ಬಳಸಿದ್ದು, ಹಿಂದಕ್ಕೆ ರುಬ್ಬೋಕೆ ಅವನಿಗೆ ಬರಲ್ಲ. ತೊಂಬತ್ತರ ದಶಕದಲ್ಲಿ ಇದರ ಮೇಲೆಯೇ ಎಸ್/ಕೀ ಅನ್ನುವ ವ್ಯವಸ್ಥೆ ಬಂತು. ಇತ್ತ ಜರ್ಮನಿಯ ಬ್ಯಾಂಕುಗಳು ಬೇರೆ ದಾರಿ ಹಿಡಿದು ಒಂದೊಂದು ಸಲಕ್ಕೆ ಒಂದೊಂದು ಸಂಖ್ಯೆ ಇರುವ ಕಾಗದದ ಪಟ್ಟಿಯನ್ನು ಗ್ರಾಹಕರ ಮನೆಗೆ ಅಂಚೆಯಲ್ಲಿ ಕಳಿಸುತ್ತಿದ್ದವು.

ಎಂಬತ್ತರ ದಶಕದಲ್ಲೇ ಅಮೆರಿಕದ ಸೆಕ್ಯುರಿಟಿ ಡೈನಮಿಕ್ಸ್ ಕಂಪನಿ ಕಾಗದದ ಬದಲು ಗಡಿಯಾರ ತಂದಿತು. ಸೆಕ್ಯೂರ್‌ಐಡಿ ಅನ್ನುವ ಪುಟ್ಟ ಸಾಧನದ ಪರದೆಯಲ್ಲಿ ಅರುವತ್ತು ಸೆಕೆಂಡಿಗೊಮ್ಮೆ ಸಂಖ್ಯೆ ಬದಲಾಗುತ್ತಿತ್ತು. ನಮ್ಮಲ್ಲಿ 2000ದ ಆಸುಪಾಸಿನಲ್ಲಿ ಐಟಿ ಕಂಪನಿ ಸೇರಿದವರ ಬೀಗದ ಕೈ ಗೊಂಚಲಲ್ಲಿ ಅದು ನೇತಾಡುತ್ತಿದ್ದದ್ದು ಹಿರಿಯ ಸಹೋದ್ಯೋಗಿಗಳಿಗೆ ನೆನಪಿರುತ್ತೆ. ಸಾಧನದೊಳಗೆ ಒಂದು ಬೀಜದ ಸಂಖ್ಯೆ, ಸರ್ವರಿನಲ್ಲೂ ಅದೇ ಬೀಜ. ಹೊತ್ತನ್ನೂ ಬೀಜವನ್ನೂ ಸೇರಿಸಿ ಎರಡೂ ಕಡೆ ಒಂದೇ ಲೆಕ್ಕ ಮಾಡಿದರೆ ಒಂದೇ ಉತ್ತರ.

ಬೀಜ ಇಟ್ಟ ಕಣಜವೇ ಕಳುವಾದರೆ? 2011ರ ಮಾರ್ಚಿನಲ್ಲಿ ಅದೂ ಆಯಿತು. ಅಷ್ಟರಲ್ಲಿ ಈ ಸಾಧನ ಆರ್‌ಎಸ್ಎ ಹೆಸರಿನಲ್ಲಿ ಮಾರಾಟವಾಗುತ್ತಿತ್ತು, ಸುಮಾರು ನಾಲ್ಕು ಕೋಟಿ ಬಳಕೆಯಲ್ಲಿದ್ದವು. ಕಂಪನಿಯ ಉದ್ಯೋಗಿಯೊಬ್ಬರಿಗೆ 2011ರ ನೇಮಕಾತಿ ಯೋಜನೆ ಅನ್ನುವ ಹೆಸರಿನ ಎಕ್ಸೆಲ್ ಫೈಲು ಬಂತು. ಇಮೇಲ್ ವ್ಯವಸ್ಥೆ ಅದನ್ನು ಜಂಕ್ ಫೋಲ್ಡರಿಗೇ ಹಾಕಿತ್ತು. ಅವರು ಅಲ್ಲಿಂದ ಹೆಕ್ಕಿ ತೆಗೆದು ತೆರೆದರು! ಒಳಗೆ ಹೊಕ್ಕ ಕಳ್ಳರು ಸೆಕ್ಯೂರ್‌ಐಡಿಗೆ ಸಂಬಂಧಪಟ್ಟ ಗುಟ್ಟುಗಳನ್ನು ಹೊತ್ತೊಯ್ದರು. ಅದೇ ಮೇ ತಿಂಗಳಲ್ಲಿ ಯುದ್ಧವಿಮಾನ ಮಾಡುವ ಲಾಕ್‌ಹೀಡ್ ಮಾರ್ಟಿನ್ ಮೇಲೆ ದಾಳಿಯಾಯಿತು, ಜೂನಿನಲ್ಲಿ ಆರ್‌ಎಸ್ಎ ಸಾಧನಗಳನ್ನು ಬದಲಿಸಿಕೊಡಲು ಒಪ್ಪಿತು. ಜಗತ್ತಿಗೇ ಎರಡನೇ ಬೀಗ ಮಾರುತ್ತಿದ್ದವರ ಮನೆಯ ಬೀಗ ಒಂದು ಇಮೇಲಿಗೆ ತೆರೆದುಕೊಂಡಿತ್ತು.

ಅಲ್ಲಿಂದ ನಾವು ಕಲಿತದ್ದು, ಎರಡೂ ಕಡೆ ಒಂದೇ ಗುಟ್ಟನ್ನು ಇಟ್ಟರೆ ಅದು ಎರಡು ಕಡೆಯಿಂದ ಕಳುವಾಗಬಹುದು ಅಂತ. ಆದರೆ ಆ ಹೊತ್ತಿಗೆ ಇದೇ ಉಪಾಯ ಎಲ್ಲರ ಫೋನಿಗೂ ಪುಕ್ಕಟೆ ಬಂದಾಗಿತ್ತು. 2005ರಲ್ಲಿ ಎಚ್ಒಟಿಪಿ, 2011ರ ಮೇ ತಿಂಗಳಲ್ಲಿ ಟಿಒಟಿಪಿ ಅನ್ನುವ ಮುಕ್ತ ಮಾನದಂಡಗಳು ಬಂದವು. ಗೂಗಲ್ ಅಥೆಂಟಿಕೇಟರಿನಲ್ಲಿ ಮೂವತ್ತು ಸೆಕೆಂಡಿಗೊಮ್ಮೆ ಬದಲಾಗುವ ಸಂಖ್ಯೆ ಇದೇ. ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದಾಗ ಬೀಜ ನಿಮ್ಮ ಫೋನಿಗೆ ಬರುತ್ತೆ, ಆಮೇಲೆ ನೆಟ್‌ವರ್ಕೇ ಬೇಡ. ಆಗುಂಬೆಯ ಕಾಡಿನಲ್ಲಿ ಸಿಗ್ನಲ್ ಇಲ್ಲದಿದ್ದರೂ ಸಂಖ್ಯೆ ಸರಿಯಾಗೇ ಬರುತ್ತೆ. ಫೋನಿನ ಗಡಿಯಾರ ಸ್ವಲ್ಪ ಹಿಂದೆಮುಂದೆ ಇರಬಹುದು ಅಂತ ಸರ್ವರು ಹಿಂದಿನ ಮೂವತ್ತು ಸೆಕೆಂಡಿನ ಸಂಖ್ಯೆಯನ್ನೂ ಒಪ್ಪಿಕೊಳ್ಳುತ್ತೆ. ಈ ಸಡಿಲಿಕೆ ಎಷ್ಟಿರಬೇಕು ಅನ್ನುವುದೇ ನಮ್ಮಂಥವರ ಮೀಟಿಂಗುಗಳ ಜಗಳ. ಹೆಚ್ಚಿಸಿದರೆ ಕಳ್ಳನಿಗೆ ಸಮಯ, ಕಡಿಮೆ ಮಾಡಿದರೆ ನಿಧಾನಕ್ಕೆ ಟೈಪ್ ಮಾಡುವ ಹಿರಿಯರಿಗೆ ಕಷ್ಟ.

*

ಈಗ ನಮ್ಮ ದೇಶದ ಅಧ್ಯಾಯ. ಇದನ್ನು ನಾವು ಸ್ವಲ್ಪ ಎದೆಯುಬ್ಬಿಸಿಯೇ ಹೇಳಬಹುದು. 2009ರ ಫೆಬ್ರವರಿಯಲ್ಲಿ ರಿಸರ್ವ್ ಬ್ಯಾಂಕು ಒಂದು ಸುತ್ತೋಲೆ ಹೊರಡಿಸಿತು. ಆ ವರ್ಷದ ಆಗಸ್ಟ್ 1ರಿಂದ ಆನ್‌ಲೈನಿನಲ್ಲಿ ಕಾರ್ಡು ಬಳಸುವಾಗ, ಕಾರ್ಡಿನ ಮೇಲೆ ಕಾಣಿಸದ ಇನ್ನೊಂದು ಮಾಹಿತಿಯಿಂದ ದೃಢೀಕರಣ ಕಡ್ಡಾಯ. ಮೊದಮೊದಲು ಜನ ಇದಕ್ಕೆ ಬಳಸಿದ್ದು ಮತ್ತೊಂದು ಪಾಸ್‌ವರ್ಡನ್ನೇ. ಎಲ್ಲರೂ ಮರೆಯುತ್ತಿದ್ದರು. ಅಷ್ಟರಲ್ಲಿ ಎಲ್ಲರ ಕೈಗೂ ಮೊಬೈಲು ಬಂದಿತ್ತು, ಎಸ್ಎಂಎಸ್ ಒಟಿಪಿ ಗೆದ್ದಿತು. ಹೊಸ ಸಾಧನ ಹಂಚಬೇಕಿಲ್ಲ, ಆಪ್ ಬೇಕಿಲ್ಲ, ಎರಡು ಸಾವಿರ ರೂಪಾಯಿಯ ಕೀಪ್ಯಾಡ್ ಫೋನು ಸಾಕು. ಯುರೋಪಿನಲ್ಲಿ ಇಂಥ ಕಡ್ಡಾಯ ಜಾರಿಗೆ ಬಂದಿದ್ದು 2019ರ ಸೆಪ್ಟೆಂಬರಿನಲ್ಲಿ, ನಮಗಿಂತ ಹತ್ತು ವರ್ಷ ಹಿಂದೆ.

ವಿರೋಧ ಇರಲಿಲ್ಲ ಅಂತಲ್ಲ. ಒಟಿಪಿ ಪುಟ ಬಂದ ತಕ್ಷಣ ಗ್ರಾಹಕ ಓಡಿಹೋಗುತ್ತಾನೆ ಅಂತ ವ್ಯಾಪಾರಿಗಳ ಗೋಳು. ಊಬರ್ ವಿದೇಶಿ ಗೇಟ್‌ವೇ ಮೂಲಕ ದುಡ್ಡು ಪಡೆಯುತ್ತಾ ಒಟಿಪಿ ಇಲ್ಲದೆ ಸವಾರಿ ಕೊಡುತ್ತಿತ್ತು. 2014ರ ಆಗಸ್ಟಿನಲ್ಲಿ ರಿಸರ್ವ್ ಬ್ಯಾಂಕು ಆ ಅಡ್ಡದಾರಿ ಮುಚ್ಚಿಸಿತು. ಆದರೆ ಅದು ಕಲ್ಲುಬಂಡೆಯಾಗಿ ಕೂರಲಿಲ್ಲ. 2015ರಲ್ಲಿ ಎರಡು ಸಾವಿರ ರೂಪಾಯಿಯವರೆಗೆ ಕಾರ್ಡನ್ನು ಪಿನ್ ಇಲ್ಲದೆ ತಾಕಿಸಿ ಕೊಡಲು ಬಿಟ್ಟಿತು, ಮುಂದೆ ಆ ಮಿತಿ ಐದು ಸಾವಿರಕ್ಕೇರಿತು. ಸಣ್ಣ ಮೊತ್ತಕ್ಕೆ ಸಣ್ಣ ಬೀಗ, ದೊಡ್ಡದಕ್ಕೆ ದೊಡ್ಡ ಬೀಗ.

2016ರ ಏಪ್ರಿಲಿನಲ್ಲಿ ಬಂದ ಯುಪಿಐ ಇನ್ನೂ ಜಾಣತನ ಮಾಡಿತು. ಆಪ್ ಹಾಕಿಕೊಂಡಾಗ ನಿಮ್ಮ ಫೋನಿನಿಂದಲೇ ಒಂದು ಎಸ್ಎಂಎಸ್ ಹೊರಗೆ ಹೋಗುತ್ತಲ್ಲ, ಗಮನಿಸಿದ್ದೀರಾ? ಒಟಿಪಿ ನಿಮ್ಮ ಕಡೆ ಬರುವುದರ ತದ್ವಿರುದ್ಧ. ಈ ಸಿಮ್ಮು ಈ ಫೋನಿನಲ್ಲೇ ಇದೆ ಅಂತ ಅದರಿಂದ ಗೊತ್ತಾಗುತ್ತೆ, ಫೋನೇ ಚೂಡಾಮಣಿಯಾಗುತ್ತೆ. ಆಮೇಲೆ ಪ್ರತಿ ಸಲ ಪಿನ್ ಒತ್ತಿದರೆ ಸಾಕು, ಅದೇ ಕಾಗೆಯ ಕಥೆ. ತರಕಾರಿ ಅಂಗಡಿಯ ಮುಂದೆ ನಿಂತು ನಾವು ದಿನಾ ಟೂ ಫ್ಯಾಕ್ಟರ್ ಮಾಡುತ್ತಿದ್ದೇವೆ, ಗೊತ್ತೇ ಆಗಲ್ಲ. ಮುಖ್ಯವಾಗಿ, ಎರಡನೇ ಪುರಾವೆಯಲ್ಲಿ ಯಾರೂ ಓದಿ ಹೇಳುವಂಥದ್ದು ಏನೂ ಇಲ್ಲ.

*

ಎಸ್ಎಂಎಸ್ ಒಟಿಪಿಯ ದೌರ್ಬಲ್ಯ ತಜ್ಞರಿಗೆ ಗೊತ್ತಿಲ್ಲದ್ದೇನಲ್ಲ. 2016ರಲ್ಲೇ ಅಮೆರಿಕದ ಮಾನಕ ಸಂಸ್ಥೆ ನಿಸ್ಟ್ ಎಸ್ಎಂಎಸ್ಸನ್ನು ಕೈಬಿಡಬೇಕು ಅನ್ನುವ ಕರಡು ತಂದಿತು, ಮರುವರ್ಷದ ಅಂತಿಮ ದಾಖಲೆಯಲ್ಲಿ ಅದನ್ನು ನಿರ್ಬಂಧಿತ ಅಂತ ಗುರುತಿಸಿತು. ಅದೇ 2017ರಲ್ಲಿ ಜರ್ಮನಿಯಲ್ಲಿ ಕಳ್ಳರು ದೂರವಾಣಿ ಜಾಲಗಳು ಪರಸ್ಪರ ಮಾತಾಡುವ ಎಸ್ಎಸ್7 ಅನ್ನುವ ಹಳೇ ವ್ಯವಸ್ಥೆಯ ಮೂಲಕ ಬ್ಯಾಂಕಿನ ಸಂದೇಶಗಳನ್ನು ತಮ್ಮ ಕಡೆ ತಿರುಗಿಸಿಕೊಂಡು ಖಾತೆಗಳನ್ನು ಖಾಲಿ ಮಾಡಿದರು. ಸಿಮ್ ಕಳೆದುಹೋಗಿದೆ ಅಂತ ಸುಳ್ಳು ಹೇಳಿ ನಿಮ್ಮ ನಂಬರಿಗೆ ಇನ್ನೊಂದು ಸಿಮ್ ಪಡೆಯುವುದು ಇನ್ನೊಂದು ದಾರಿ. 2019ರಲ್ಲಿ ಟ್ವಿಟರಿನ ಮುಖ್ಯಸ್ಥ ಜ್ಯಾಕ್ ಡಾರ್ಸಿಯ ಟ್ವಿಟರ್ ಖಾತೆಯೇ ಅವರ ಫೋನ್ ನಂಬರ್ ಕೈತಪ್ಪಿದ್ದರಿಂದ ಬೇರೆಯವರ ಪಾಲಾಯಿತು.

ಆದರೆ ಮಾವನ ವಿಷಯದಲ್ಲಿ ಇದ್ಯಾವುದೂ ಆಗಲಿಲ್ಲ. ಜಾಲ ಸರಿಯಿತ್ತು, ಸಿಮ್ಮು ಅವರದ್ದೇ, ಸಂಖ್ಯೆ ಬಂದಿದ್ದು ಅವರ ಫೋನಿಗೇ. ಸಮಸ್ಯೆ ಇರೋದು ಸಂಖ್ಯೆಯಲ್ಲಿ. ಅದು ಮನುಷ್ಯನ ಕಣ್ಣಿನ ಮೂಲಕ, ಬೆರಳಿನ ಮೂಲಕ ಹಾದುಹೋಗಲೇಬೇಕು. ಕಣ್ಣಿನಿಂದ ಬೆರಳಿಗೆ ಹೋಗುವಂಥದ್ದು ಬಾಯಿಗೂ ಬರಬಹುದು. ಸಂಖ್ಯೆಗೆ ತಾನು ಎಲ್ಲಿಗೆ ಹೋಗುತ್ತಿದ್ದೇನೆ ಅಂತ ಗೊತ್ತಿಲ್ಲ. ಬ್ಯಾಂಕಿನ ಪುಟದಲ್ಲಿ ಒತ್ತಿದರೂ ಅದೇ, ಕಳ್ಳನ ಪುಟದಲ್ಲಿ ಒತ್ತಿದರೂ ಅದೇ. ಅಥೆಂಟಿಕೇಟರ್ ಆಪಿಗೂ ಈ ಕಾಯಿಲೆ ಇದೆ.

ಇದಕ್ಕೆ ಮದ್ದು ಸಿಕ್ಕಿದ್ದು 2013ರಲ್ಲಿ ಬಹಿರಂಗವಾದ ಫಿಡೊ ಒಕ್ಕೂಟದ ಕೆಲಸದಿಂದ. 2019ರ ಮಾರ್ಚಿನಲ್ಲಿ ಅದು ವೆಬ್‌ಆಥನ್ ಅನ್ನುವ ಹೆಸರಿನಲ್ಲಿ ಜಾಲತಾಣಗಳ ಅಧಿಕೃತ ಮಾನದಂಡವಾಯಿತು. ಈಗ ಪಾಸ್‌ಕೀ ಅಂತ ನಿಮ್ಮ ಫೋನು ಕೇಳುತ್ತಿರುವುದು ಅದನ್ನೇ. ಇಲ್ಲಿ ಗುಟ್ಟು ನಿಮ್ಮ ಸಾಧನ ಬಿಟ್ಟು ಜಾಲತಾಣಕ್ಕೆ ಹೋಗುವುದೇ ಇಲ್ಲ. ಅದರ ಜೋಡಿಯಾದ ಬಹಿರಂಗ ಕೀ ಮಾತ್ರ ಸರ್ವರಿನಲ್ಲಿರುತ್ತೆ, ಕದ್ದರೂ ಪ್ರಯೋಜನವಿಲ್ಲ. ಲಾಗಿನ್ ಆಗುವಾಗ ಸರ್ವರು ಹೊಸದೊಂದು ಸವಾಲು ಕಳಿಸುತ್ತೆ, ಫೋನು ಅದಕ್ಕೆ ಸಹಿ ಹಾಕುತ್ತೆ. ಆ ಸಹಿಯೊಳಗೆ ಜಾಲತಾಣದ ನಿಜವಾದ ವಿಳಾಸವೂ ಸೇರಿರುತ್ತೆ, ಅದನ್ನು ಬರೆಯುವುದು ಬ್ರೌಸರು, ಮನುಷ್ಯನಲ್ಲ. ವಿಳಾಸದಲ್ಲಿ ಒಂದಕ್ಷರ ಬೇರೆ ಇದ್ದರೂ ಕೀ ಬಾಯಿ ಬಿಡಲ್ಲ. ಸನ್ಯಾಸಿಯ ವೇಷ ನಮ್ಮ ಕಣ್ಣಿಗೆ ಕಾಣಿಸದಿದ್ದರೂ ಅದಕ್ಕೆ ಕಾಣಿಸುತ್ತೆ.

ಕೆಲಸ ಮಾಡುತ್ತಾ? 2022ರಲ್ಲಿ ಟ್ವಿಲಿಯೊ ಮತ್ತು ಕ್ಲೌಡ್‌ಫ್ಲೇರ್ ಎರಡೂ ಕಂಪನಿಯ ಉದ್ಯೋಗಿಗಳಿಗೆ ಒಂದೇ ರೀತಿಯ ಮೋಸದ ಎಸ್ಎಂಎಸ್ ಹೋಯಿತು. ಟ್ವಿಲಿಯೊದೊಳಗೆ ಕಳ್ಳರು ಹೊಕ್ಕರು. ಕ್ಲೌಡ್‌ಫ್ಲೇರಿನಲ್ಲೂ ಮೂವರು ಮೋಸಹೋಗಿ ಪಾಸ್‌ವರ್ಡ್ ಕೊಟ್ಟರು, ಆದರೆ ಅಲ್ಲಿ ಎಲ್ಲರ ಹತ್ತಿರ ಇಂಥ ಭೌತಿಕ ಕೀ ಇತ್ತು, ದಾಳಿ ಅಲ್ಲೇ ನಿಂತಿತು. ಸೆಕ್ಯುರಿಟಿಯನ್ನೇ ಉಸಿರಾಡುವ ಕಂಪನಿಯ ಇಂಜಿನಿಯರುಗಳೇ ಮೋಸಹೋಗುತ್ತಾರೆ ಅಂದಮೇಲೆ, ಶಿವಮೊಗ್ಗದ ನಿವೃತ್ತ ಮೇಷ್ಟರಿಗೆ ಎಚ್ಚರ ಸಾಲದು ಅಂತ ಯಾವ ಬಾಯಲ್ಲಿ ಹೇಳೋದು?

ಪಾಸ್‌ಕೀಯಿಂದ ಎಲ್ಲ ಸರಿಹೋಗುತ್ತೆ ಅಂತಲೂ ನಾನು ಹೇಳಲ್ಲ. ಕಾಳಿದಾಸನ ಶಕುಂತಲೆಯನ್ನು ನೆನೆಸಿಕೊಳ್ಳಿ. ಗುರುತಿನ ಉಂಗುರ ನೀರಿಗೆ ಬಿತ್ತು, ರಾಜ ಗುರುತು ಹಿಡಿಯಲಿಲ್ಲ, ಮೀನಿನ ಹೊಟ್ಟೆಯಿಂದ ಉಂಗುರ ಸಿಗುವವರೆಗೆ ಕಾಯಬೇಕಾಯಿತು. ಫೋನು ಕಳೆದುಹೋದಾಗ ಖಾತೆ ವಾಪಸ್ ಪಡೆಯುವುದು ಹೇಗೆ ಅನ್ನುವುದು ಇವತ್ತಿಗೂ ಈ ವಿನ್ಯಾಸದ ಅತಿ ಕಷ್ಟದ ಪ್ರಶ್ನೆ. ಆ ದಾರಿಯನ್ನು ಸುಲಭ ಮಾಡಿದರೆ ಕಳ್ಳ ಅದರಲ್ಲೇ ಬರುತ್ತಾನೆ, ಕಷ್ಟ ಮಾಡಿದರೆ ಶಕುಂತಲೆ ಬಾಗಿಲಲ್ಲೇ ನಿಲ್ಲುತ್ತಾಳೆ. ಇನ್ನು, ದುಡ್ಡು ಬರುತ್ತೆ ಅಂತ ನಂಬಿಸಿ ನಿಮ್ಮ ಕೈಯಿಂದಲೇ ಯುಪಿಐ ಪಿನ್ ಒತ್ತಿಸುವವನನ್ನು ಯಾವ ಕೀಯೂ ತಡೆಯಲಾರದು.

*

ಇಷ್ಟೆಲ್ಲ ಓದಿಕೊಂಡ ಮೇಲೆ ನಾನು ನನ್ನದೇ ಹಳೇ ಕೆಲಸವನ್ನು ತೆಗೆದು ನೋಡಿದೆ. ನಮ್ಮ ಕಂಪನಿಯ ಒಟಿಪಿ ಸಂದೇಶದಲ್ಲಿ ಸಂಖ್ಯೆ ಎಲ್ಲಕ್ಕಿಂತ ಮೊದಲು ಬರಬೇಕು ಅಂತ ವಾದಿಸಿ ಗೆದ್ದವನು ನಾನೇ. ಸಂದೇಶ ತೆರೆಯದೆ ಮೇಲಿನ ಪಟ್ಟಿಯಲ್ಲೇ ಅಂಕಿ ಕಂಡರೆ ಬೇಗ ಕೆಲಸ ಮುಗಿಯುತ್ತೆ ಅನ್ನೋದು ನನ್ನ ಲೆಕ್ಕ. ಮುಗಿಯಿತು ಕೂಡ. ಆದರೆ ಎಷ್ಟು ಮೊತ್ತ, ಯಾವ ಅಂಗಡಿ, ಯಾರಿಗೂ ಹೇಳಬೇಡಿ ಅನ್ನುವುದೆಲ್ಲ ಕಣ್ಣಿಗೆ ಬೀಳದ ಬಾಲಕ್ಕೆ ಹೋಯಿತು. ಕನ್ನಡದಲ್ಲಿ ಕಳಿಸೋಣ ಅಂತ ತಂಡದ ಹುಡುಗಿಯೊಬ್ಬಳು ಹೇಳಿದ್ದಳು. ಒಂದು ಎಸ್ಎಂಎಸ್ಸಿನಲ್ಲಿ ಇಂಗ್ಲಿಷಾದರೆ 160 ಅಕ್ಷರ, ಕನ್ನಡವಾದರೆ 70. ಅದರಲ್ಲೂ 'ಕ್ಷ' ಅಂತ ಬರೆದರೆ ಮೂರು ಅಕ್ಷರದ ಲೆಕ್ಕ. ಒಂದು ಸಂದೇಶದ ಜಾಗದಲ್ಲಿ ಎರಡು ಮೂರಕ್ಕೆ ದುಡ್ಡು ಕೊಡಬೇಕಾಗುತ್ತೆ ಅಂತ ಬಿಟ್ಟೆವು. ಆ ಮೀಟಿಂಗಿನಲ್ಲಿ ಬೇಡ ಅಂದವರಲ್ಲಿ ನಾನೂ ಇದ್ದೆ.

ಮಾವನಿಗೆ ಬಂದ ಸಂದೇಶ ನಮ್ಮ ಕಂಪನಿಯದ್ದಲ್ಲ, ಆದರೆ ಅದರ ರೂಪ ಅದೇ. ಅವರು ಫೋನು ತೋರಿಸಿದರು. ಮೊದಲು ಅಂಕಿ, ಕೊನೆಯಲ್ಲಿ ಇಂಗ್ಲಿಷಿನಲ್ಲಿ ಮೊತ್ತ ಮತ್ತು ಎಚ್ಚರಿಕೆ.

ರಿಸರ್ವ್ ಬ್ಯಾಂಕಿನ 2017ರ ನಿಯಮದ ಪ್ರಕಾರ ಗ್ರಾಹಕ ತಾನೇ ಗುಟ್ಟು ಹಂಚಿಕೊಂಡಿದ್ದರೆ, ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ಅವನದ್ದೇ. ಹಾಗಾಗಿ ಆ ಎರಡು ಸಾಲಿನ ಉತ್ತರ ಕಾನೂನಿನಲ್ಲಿ ಸರಿ. 2025ರ ಸೆಪ್ಟೆಂಬರಿನಲ್ಲಿ ಬಂದು, 2026ರ ಏಪ್ರಿಲ್ 1ರಿಂದ ಜಾರಿ ಅಂದ ಹೊಸ ನಿರ್ದೇಶನಗಳಲ್ಲಿ ಎರಡು ಪುರಾವೆ ಇರಲೇಬೇಕು, ಒಂದು ಮುರಿದರೆ ಇನ್ನೊಂದು ಅಲುಗಬಾರದು ಅಂತಿದೆ. ನಿಯಮ ಪಾಲಿಸದೆ ನಡೆದ ವ್ಯವಹಾರದ ನಷ್ಟವನ್ನು ಕಾರ್ಡು ಕೊಟ್ಟವರೇ ತುಂಬಬೇಕು ಅಂತಲೂ ಇದೆ. ಒಟಿಪಿ ರದ್ದಾಗಿಲ್ಲ, ಆದರೆ ಅದೊಂದೇ ದಾರಿ ಅಲ್ಲ ಅನ್ನುವುದಕ್ಕೆ ಬಾಗಿಲು ತೆರೆದಿದೆ.

ಮೊನ್ನೆ ಊರಿಗೆ ಹೋದಾಗ ಮಾವನ ಫೋನಿನಲ್ಲಿ ಇಮೇಲಿಗೆ ಪಾಸ್‌ಕೀ ಹಾಕಿಕೊಟ್ಟೆ. ಬೆರಳಿಟ್ಟು ಒಳಗೆ ಹೋದ ಮೇಲೆ ಸ್ವಲ್ಪ ಹೊತ್ತು ಪರದೆ ನೋಡುತ್ತಾ ಕೂತರು.

"ನಂಬರು ಎಲ್ಲಿ ಬಂತೋ?"

"ನಂಬರು ಇಲ್ಲ ಮಾವ ಇದರಲ್ಲಿ."

"ಮತ್ತೆ ಯಾರಾದ್ರೂ ಫೋನ್ ಮಾಡಿ ಕೇಳಿದ್ರೆ ಎಂತ ಹೇಳೋದು?"

"ಹೇಳೋದಕ್ಕೆ ಏನೂ ಇರಲ್ಲ."

"ಇದನ್ನೇ ಮೊದ್ಲು ಮಾಡ್ಬಾರ್ದಿತ್ತಾ?" ಅಂದರು. ಬೆಂಗಳೂರಿಗೆ ವಾಪಸ್ ಬಂದು ನಾನು ಮಾಡಿದ ಮೊದಲ ಕೆಲಸ, ನಮ್ಮ ಸಂದೇಶದಲ್ಲಿ ಮೊತ್ತವನ್ನು ಅಂಕಿಗಿಂತ ಮುಂದೆ ತರಬೇಕು, ಕನ್ನಡದಲ್ಲಿ ಕಳಿಸುವ ಖರ್ಚನ್ನು ಮತ್ತೆ ಲೆಕ್ಕ ಹಾಕಬೇಕು ಅಂತ ಒಂದು ಟಿಕೆಟ್ ತೆರೆದದ್ದು. ಅದಿನ್ನೂ ತೆರೆದೇ ಇದೆ. ಮುಂದಿನ ವಾರದ ಮೀಟಿಂಗಿನಲ್ಲಿ ಆ ಹುಡುಗಿಯ ಪಕ್ಕ ಕೂರುತ್ತೇನೆ.